‘ಟೆಲ್ ಮಿ’ ಸರಿ, ‘ಎಕ್ಸ್‌ಪ್ಲೇನ್ ಮಿ’ ತಪ್ಪು. ಯಾಕೆ?

ಹುಬ್ಬಳ್ಳಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಕನ್ನಡ ಮೀಡಿಯಂ. ಈಗ ಕಸ್ಟಮರ್ ಸಪೋರ್ಟ್ ಕೆಲಸ, ದಿನವೆಲ್ಲ ಇಂಗ್ಲಿಷ್‌ನಲ್ಲಿ ಮೇಲ್ ಬರೆಯಬೇಕು. ನಿನ್ನೆ ನಮ್ಮ ಟೀಮ್ ಲೀಡ್ ಈ ಮೂರು ಸಾಲಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು:

1. ಪ್ಲೀಸ್ ಎಕ್ಸ್‌ಪ್ಲೇನ್ ಮಿ ದ ಪ್ರಾಬ್ಲಮ್.
2. ಪ್ಲೀಸ್ ಸಜೆಸ್ಟ್ ಮಿ ಎ ಡೇಟ್.
3. ಐ ವಾಸ್ ಎಕ್ಸ್‌ಪ್ಲೇನ್ಡ್ ದ ಪ್ರೋಸೆಸ್.

ಅದೇ ಮೇಲ್‌ನಲ್ಲಿ ‘ಸೆಂಡ್ ಮಿ ದ ಫೈಲ್’ ಅಂತಲೂ ಇತ್ತು. ಅದಕ್ಕೆ ಗೆರೆ ಇಲ್ಲ. ‘ಟೆಲ್ ಮಿ ದ ಪ್ರಾಬ್ಲಮ್’ ಕೂಡ ಸರಿಯಂತೆ. ಎಲ್ಲದರಲ್ಲೂ ಇರೋದು ‘ನನಗೆ’ ಅನ್ನೋದೇ ಅಲ್ವಾ? ಒಂದು ಸರಿ, ಇನ್ನೊಂದು ತಪ್ಪು ಹೇಗೆ?

ಕರಾವಳಿ_ಕೋಡರ್:
ಸುಮ್ನೆ ಎಲ್ಲ ಕಡೆ ವಸ್ತು ಮೊದಲು ಹಾಕಿ, ಆಮೇಲೆ ‘ಟು ಮಿ’ ಸೇರಿಸಿಬಿಡಿ. ಎಕ್ಸ್‌ಪ್ಲೇನ್ ದ ಪ್ರಾಬ್ಲಮ್ ಟು ಮಿ. ಸೆಂಡ್ ದ ಫೈಲ್ ಟು ಮಿ. ನಾನು ಹಾಗೇ ಮಾಡೋದು.

ನಿವೃತ್ತ_ಟೀಚರ್:
ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಈ ತಪ್ಪು ಮಾಡುವ ಮಕ್ಕಳ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಕನ್ನಡದ ಲೆಕ್ಕದಲ್ಲಿ ಅವರು ಸರಿಯಾಗಿಯೇ ಯೋಚಿಸಿರುತ್ತಾರೆ.

‘ಅಜ್ಜಿಗೆ ಮಾತ್ರೆ ಕೊಡು’ ಅನ್ನಿ, ‘ಮಾತ್ರೆ ಅಜ್ಜಿಗೆ ಕೊಡು’ ಅನ್ನಿ, ಅರ್ಥ ಕೆಡುವುದಿಲ್ಲ. ‘ಗೆ’ ಅಜ್ಜಿಗೇ ಅಂಟಿಕೊಂಡಿದೆ, ಅವಳು ಎಲ್ಲಿ ಹೋದರೂ ಜೊತೆಗೇ ಹೋಗುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲೂ ನಮ್ಮ ‘ಗೆ’ಯಂಥ ಪ್ರತ್ಯಯಗಳಿದ್ದವು. ಕಾಲ ಕಳೆದಂತೆ ಅವು ಸವೆದುಹೋದವು. ಈಗ ಆ ಕೆಲಸಕ್ಕೆ ಎರಡು ದಾರಿ ಉಳಿದಿವೆ. ಒಂದು, ಪಡೆಯುವ ವ್ಯಕ್ತಿಯನ್ನು ಮೊದಲು ಇಡುವುದು: ಗಿವ್ ಮಿ ದ ಬುಕ್. ಇನ್ನೊಂದು, ವಸ್ತು ಮೊದಲು, ಆಮೇಲೆ ‘ಟು’: ಗಿವ್ ದ ಬುಕ್ ಟು ಮಿ.

ಆದರೆ ಮೊದಲನೇ ದಾರಿಗೆ ಎಲ್ಲ ಕ್ರಿಯಾಪದಗಳಿಗೂ ಪ್ರವೇಶವಿಲ್ಲ. ಗಿವ್, ಸೆಂಡ್, ಟೆಲ್, ಶೋ, ಟೀಚ್, ಲೆಂಡ್ ಇವೆಲ್ಲ ಹಳೆಯ ಮನೆಮಾತಿನ ಪದಗಳು, ಅವಕ್ಕೆ ಎರಡೂ ದಾರಿ ತೆರೆದಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್ ಪದಗಳು ರಾಶಿ ರಾಶಿ ಬಂದವು. ಹಾಗೆ ಹೊರಗಿನಿಂದ ಬಂದ ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್, ಅನೌನ್ಸ್ ಥರದವು ಹೆಚ್ಚಾಗಿ ‘ಟು’ ದಾರಿಯಲ್ಲೇ ಉಳಿದವು. ನಮ್ಮಲ್ಲಿ ‘ಹೇಳು’ ಮನೆಮಾತು, ‘ವಿವರಿಸು’ ಸಂಸ್ಕೃತದಿಂದ ಬಂದದ್ದು. ಟೆಲ್‌ಗೂ ಎಕ್ಸ್‌ಪ್ಲೇನ್‌ಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅಂಥದ್ದೇ.

ಮೂರನೇ ಸಾಲು ತಪ್ಪಾಗಿದ್ದು ಇದೇ ಕಾರಣಕ್ಕೆ. ‘ದೇ ಗೇವ್ ಮಿ ಎ ಬುಕ್’ ಸರಿ, ಹಾಗಾಗಿ ‘ಐ ವಾಸ್ ಗಿವನ್ ಎ ಬುಕ್’ ಸರಿ. ‘ಎಕ್ಸ್‌ಪ್ಲೇನ್ಡ್ ಮಿ’ ಅನ್ನೋದೇ ಇಲ್ಲದಿದ್ದರೆ ‘ಐ ವಾಸ್ ಎಕ್ಸ್‌ಪ್ಲೇನ್ಡ್’ ಎಲ್ಲಿಂದ ಬರಬೇಕು?

ಬಯಲುಸೀಮೆ:
ಮೇಡಂ, ‘ಸೇ’ ಕೂಡ ಹಳೆಯ ಪದವೇ. ಆದರೂ ‘ಸೇ ಮಿ’ ಅನ್ನುವ ಹಾಗಿಲ್ಲ. ‘ಅಸೈನ್’ ಫ್ರೆಂಚ್‌ನಿಂದ ಬಂದದ್ದು, ಆದರೂ ‘ಅಸೈನ್ ಮಿ ಎ ಟಿಕೆಟ್’ ಸರಿ.

ನಿವೃತ್ತ_ಟೀಚರ್:
ಒಳ್ಳೆಯ ಮಾತು ಹಿಡಿದಿರಿ. ಆಫರ್, ಪ್ರಾಮಿಸ್ ಕೂಡ ಅಸೈನ್ ಥರವೇ. ಮೂಲ ನೋಡಿ ಊಹೆ ಮಾಡಬಹುದು ಅಷ್ಟೇ, ಕೊನೆಗೆ ಪದವನ್ನು ಅದರ ವಾಕ್ಯದ ಸಮೇತ ನೆನಪಿಡಬೇಕು. ‘ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಒನ್’ ಅಂತ ಇಡೀ ತುಂಡನ್ನೇ ಬಾಯಿಪಾಠ ಮಾಡಿ.

ಕರಾವಳಿಯವರ ಉಪಾಯ ಮುಕ್ಕಾಲು ಪಾಲು ಕಾಪಾಡುತ್ತದೆ. ಆದರೆ ಕಾಸ್ಟ್, ಚಾರ್ಜ್, ಫೈನ್ ಇವುಗಳಲ್ಲಿ ‘ಟು’ ಬರುವುದೇ ಇಲ್ಲ. ಇಟ್ ಕಾಸ್ಟ್ ಮಿ 500 ರುಪೀಸ್. ದೇ ಚಾರ್ಜ್ಡ್ ಮಿ 500 ರುಪೀಸ್. ‘ಆಸ್ಕ್ ಎ ಡೌಟ್ ಟು ಸರ್’ ಅಂತ ನಮ್ಮ ಕಡೆ ಜಾಸ್ತಿ ಕೇಳಿಬರುತ್ತದೆ. ಅದು ‘ಆಸ್ಕ್ ಸರ್ ಎ ಕ್ವೆಶ್ಚನ್’ ಆಗಬೇಕು.

ಹುಬ್ಬಳ್ಳಿ_ಹುಡುಗ:
ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು ಗೊಂದಲ. ‘ಬೈ ಮಿ ಎ ಟಿಕೆಟ್’ ಅನ್ನೋದನ್ನು ತಿರುಗಿಸಿದರೆ ‘ಬೈ ಎ ಟಿಕೆಟ್ ಟು ಮಿ’ ಆಗುತ್ತಾ?

ನಿವೃತ್ತ_ಟೀಚರ್:
ಇಲ್ಲ, ‘ಫಾರ್ ಮಿ’. ಇಲ್ಲೂ ನಮ್ಮ ‘ಗೆ’ಯೇ ಗೊಂದಲ ಮಾಡೋದು, ಎರಡಕ್ಕೂ ಅದೊಂದೇ ಸಾಕು. ಆದರೆ ಕನ್ನಡದಲ್ಲೇ ಒಂದು ಗುರುತೂ ಸಿಗುತ್ತದೆ. ಮಾಡಿಕೊಡು, ಹುಡುಕಿಕೊಡು ಅಂತೀವಲ್ಲ? ‘ಕೊಡು’ ತೆಗೆದರೂ ಮಾಡುವುದು, ಹುಡುಕುವುದು ಪೂರ್ತಿ ಕೆಲಸವೇ, ಪಡೆಯುವವರು ಇರಲೇಬೇಕೆಂದಿಲ್ಲ. ಅಂಥವಕ್ಕೆ ‘ಫಾರ್’: ಬೈ, ಮೇಕ್, ಕುಕ್, ಫೈಂಡ್, ಬುಕ್. ಕೊಡುವುದು, ಕಳಿಸುವುದು, ತೋರಿಸುವುದು ಇನ್ನೊಬ್ಬರಿಲ್ಲದೆ ಆಗದು. ಅವಕ್ಕೆ ‘ಟು’.

ಹುಬ್ಬಳ್ಳಿ_ಹುಡುಗ:
ತಿದ್ದಿದ್ದೇನೆ, ನೋಡಿ ಮೇಡಂ:

1. ಪ್ಲೀಸ್ ಎಕ್ಸ್‌ಪ್ಲೇನ್ ದ ಪ್ರಾಬ್ಲಮ್ ಟು ಮಿ.
2. ಪ್ಲೀಸ್ ಸಜೆಸ್ಟ್ ಎ ಡೇಟ್ ಟು ಮಿ.
3. ದ ಪ್ರೋಸೆಸ್ ವಾಸ್ ಎಕ್ಸ್‌ಪ್ಲೇನ್ಡ್ ಟು ಮಿ.

ನಿವೃತ್ತ_ಟೀಚರ್:
ಮೂರೂ ಸರಿ. ಎರಡನೆಯದರಲ್ಲಿ ‘ಟು ಮಿ’ ಬಿಟ್ಟುಬಿಡಿ. ಮೇಲ್ ಬರೆಯುತ್ತಿರೋದು ನೀವೇ, ದಿನಾಂಕ ಯಾರಿಗೆ ಹೇಳಬೇಕು ಅಂತ ಓದುವವರಿಗೆ ಗೊತ್ತು. ‘ಪ್ಲೀಸ್ ಸಜೆಸ್ಟ್ ಎ ಡೇಟ್’ ಸಾಕು.