ಬ್ರಿಚಾರ್ಡಿಯೋ ಪುಲ್ಕರೋ? ಕಿವಿರಿನ ಮುಚ್ಚಳ ನೋಡಿ

ತುಂಗೆಯ ಮೀನು: ಡಾಕ್ಟ್ರೇ, ಬ್ರಿಚಾರ್ಡಿ ಅಂತ ಐದು ಮೀನು ತಂದೆ. ಮುಖದ ಗುರುತು ಎಲ್ಲದಕ್ಕೂ ಒಂದೇ ಥರ ಇಲ್ಲ. ಒಂದು ಮೂರು ದಿನದಿಂದ ಮೇಲಿನ ಮೂಲೆಯಲ್ಲೇ ನಿಂತಿದೆ, ಬಾಲ ಹರಿದಿದೆ. ರೋಗವಾ? ಫೋಟೋ ಹಾಕಿದ್ದೇನೆ.

ಡಾಕ್ಟರ್: ಫೋಟೋ ದೊಡ್ಡದು ಮಾಡಿ ನೋಡಿದೆ. ಕಣ್ಣಿನ ಹಿಂದಿನಿಂದ ಕಪ್ಪು ಅಡ್ಡಗೆರೆ ಹೊರಟು, ಕಿವಿರಿನ ಮುಚ್ಚಳದ ಮೇಲೆ ಒಂದು ನಿಂತ ಗೆರೆಗೆ ಸೇರಿದರೆ, ಅಂದರೆ ಇಂಗ್ಲಿಷಿನ T ಅಕ್ಷರ ಅಡ್ಡ ಬಿದ್ದ ಹಾಗೆ ಕಂಡರೆ, ಅದು ಬ್ರಿಚಾರ್ಡಿ. ಅಡ್ಡಗೆರೆ ಇಲ್ಲದೆ ಎರಡು ಬಿದಿಗೆ ಚಂದ್ರ ನಿಂತ ಹಾಗಿದ್ದರೆ ಪುಲ್ಕರ್. ಬಾಲ ನೋಡಿ ಹೇಳೋಕಾಗಲ್ಲ, ಕವಲೊಡೆದ ಉದ್ದ ಬಾಲ ಎರಡಕ್ಕೂ ಇದೆ. ನಿಮ್ಮ ಮೂಲೆಯ ಮೀನು ಪುಲ್ಕರ್, ಉಳಿದ ನಾಲ್ಕು ಬ್ರಿಚಾರ್ಡಿ.

ರೋಗ ಅಲ್ಲ. ಬಾಲದ ಅಂಚಿನಲ್ಲಿ ಬಿಳಿ ಪೊರೆ ಇಲ್ಲ, ಕಚ್ಚಿ ಹರಿದ ಗುರುತಿದೆ. ಆಫ್ರಿಕಾದ ಟ್ಯಾಂಗನೀಕಾ ಸರೋವರದ ಬಂಡೆಗಳಲ್ಲಿ ಇವುಗಳದು ಕೂಡು ಕುಟುಂಬ. ಬೆಳೆದ ಮರಿಗಳು ಅಲ್ಲೇ ಉಳಿದು ಅಪ್ಪ ಅಮ್ಮನ ಮುಂದಿನ ಮೊಟ್ಟೆಗಳನ್ನು ಶುಚಿ ಮಾಡುತ್ತವೆ, ಮರಳು ತೋಡುತ್ತವೆ, ಕಾವಲು ಕಾಯುತ್ತವೆ. ಹೊರಗಿನದನ್ನು ಅಟ್ಟಿಬಿಡುತ್ತವೆ. ಸರೋವರದಲ್ಲಾದರೆ ಓಡಿಹೋಗಲು ಜಾಗ ಇದೆ. ನಿಮ್ಮ ತೊಟ್ಟಿಯಲ್ಲಿ ಆ ಮೂಲೆ ಬಿಟ್ಟರೆ ಎಲ್ಲಿ ಹೋಗಬೇಕು? ಇವತ್ತೇ ಬೇರೆ ಮಾಡಿ, ನಾಳೆಗೆ ಇಡಬೇಡಿ.

ನೀಲಿ ಗಾಜು: ಅರಿಶಿನ, ಬಾದಾಮಿ ಎಲೆ ಹಾಕಿದರೆ ಎರಡು ದಿನದಲ್ಲಿ ವಾಸಿ ಅಂತ ಮೆಸೇಜ್ ಬಂದಿತ್ತು.

ಡಾಕ್ಟರ್: ಬೇಡ. ಆ ಸರೋವರದ ಪಿಎಚ್ ಸುಮಾರು 9, ಅಂದರೆ ಕ್ಷಾರದ ನೀರು. ಬಾದಾಮಿ ಎಲೆ ನೀರನ್ನು ಆಮ್ಲದ ಕಡೆ ಎಳೆಯುತ್ತದೆ. ಇನ್ನೊಂದು ಮೀನು ಕಚ್ಚುವುದನ್ನು ಅರಿಶಿನ ನಿಲ್ಲಿಸುತ್ತಾ?

ಬಯಲುಸೀಮೆ: ಬೋರ್‌ವೆಲ್ ನೀರು ನಡೆಯುತ್ತಾ ಸರ್?

ಡಾಕ್ಟರ್: ಗಡಸು ನೀರೇ ಬೇಕು. ಪರೀಕ್ಷಿಸಿ ಹಾಕಿ.

ಕೆರೆ ದಂಡೆ: ಎರಡೂ ಒಂದೇ ಜಾತಿ ಅಂತ ಕೆಲವು ವಿಜ್ಞಾನಿಗಳೇ ಹೇಳುತ್ತಾರೆ. ಸುಮ್ನೆ ಯಾಕೆ ಬೇರೆ ಮಾಡಬೇಕು?

ಹಳೇ ತೊಟ್ಟಿ: ಪುಲ್ಕರ್‌ಗೆ ಹೆಸರಿಟ್ಟಿದ್ದು 1952ರಲ್ಲಿ, ಬ್ರಿಚಾರ್ಡಿಗೆ 1974ರಲ್ಲಿ. ಸುಮ್ನೆ ಇಟ್ಟರಾ?

ಕೆರೆ ದಂಡೆ: ಹೆಸರು ಹಳೇದಾದರೆ ಸರಿ ಅಂತಾನಾ? ಮೊದಲು ಓದಿ ಬನ್ನಿ.

ಹಳೇ ತೊಟ್ಟಿ: ನೀವು ಬೆರಕೆ ಮರಿ ಮಾಡಿ ಬ್ರಿಚಾರ್ಡಿ ಅಂತ ಮಾರುವವರು. ನಿಮಗೆ ಎಲ್ಲ ಒಂದೇ.

ಮಲೆನಾಡ ಹನಿ: ಇವುಗಳ ಜೊತೆ ಗಪ್ಪಿ ಇಡಬಹುದಾ?

ಡಾಕ್ಟರ್: ಜಗಳ ನಿಲ್ಲಿಸಿ. ಜಾತಿ ಒಂದೇ ಇರಲಿ, ಎರಡಿರಲಿ, ಕೂಡಿ ಬೆರಕೆ ಮರಿ ಹಾಕುತ್ತವೆ, ಗುರುತು ಕಲಸಿಹೋಗುತ್ತದೆ. ಬೇರೆ ಇಡಿ.

ನೀಲಿ ಗಾಜು: ಅರಿಶಿನ ಬೇಡ ಅಂದ್ರೆ ಕಲ್ಲುಪ್ಪು?

ಡಾಕ್ಟರ್: ಮೇಲೆ ಓದಿ.

ತುಂಗೆಯ ಮೀನು: ಬಕೆಟ್‌ಗೆ ಹಾಕಿದೆ ಡಾಕ್ಟ್ರೇ. ತಳಕ್ಕಿಳಿದು ಈಜುತ್ತಿದೆ.

ಡಾಕ್ಟರ್: ತೊಟ್ಟಿಯ ನೀರೇ ತಾನೇ? ಗಾಳಿ ಪಂಪ್ ಹಾಕಿ, ಮೇಲೆ ಬಲೆ ಮುಚ್ಚಿ. ನಾಳೆ ಬೆಳಿಗ್ಗೆ ಫೋಟೋ ಕಳಿಸಿ.