ತ್ರೆ ಚಿಮೆ: ಔರೊಂಜೊ ಹಟ್‌ನಿಂದ ಅಪ್ಪನಿಗೂ ಆಗುವ, ತಮ್ಮನಿಗೂ ಸಾಕಾಗುವ ದಾರಿ ಇದೆಯಾ?

ಮೈಸೂರ್ ಟು ಮ್ಯೂನಿಕ್:

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ, ತಮ್ಮ ಮೂವರೂ ಮೈಸೂರಿನಿಂದ ಬಂದಿದ್ದಾರೆ. ಜುಲೈ ಕೊನೆಯ ವಾರ ಕಾರಿನಲ್ಲಿ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಿಗೆ ಹೋಗಿ ತ್ರೆ ಚಿಮೆ ಅನ್ನೋ ಮೂರು ಶಿಖರ ನೋಡಿಕೊಂಡು ಬರುವ ಪ್ಲಾನ್. ಅಲ್ಲಿನ ಔರೊಂಜೊ ಹಟ್‌ನಲ್ಲಿ (ಬೆಟ್ಟದ ಮೇಲಿನ ತಂಗುಮನೆ) ಒಂದು ರಾತ್ರಿಗೆ ನಾಲ್ಕು ಹಾಸಿಗೆ ಬುಕ್ ಆಗಿದೆ.

ತಲೆನೋವು ಏನಂದ್ರೆ ನಾಲ್ಕು ಜನ ನಾಲ್ಕು ಥರ. ಅಪ್ಪನಿಗೆ 66, ಮಂಡಿ ನೋವು. ಸಮತಟ್ಟಾಗಿದ್ದರೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಇಳಿಜಾರು ಬಂದರೆ ಮುಖ ಸಣ್ಣದಾಗುತ್ತದೆ. ಅಮ್ಮ ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಅವರ ಚಿಂತೆ ನನಗಿಲ್ಲ. ತಮ್ಮ ಕುಮಾರ ಪರ್ವತ ಮೂರು ಸಲ ಹತ್ತಿದ್ದಾನೆ, ಈಗ ಯಾವುದೋ ವಿಡಿಯೋ ನೋಡಿ ಯುದ್ಧಕಾಲದ ಸುರಂಗದ ದಾರಿಯೇ ಬೇಕು ಅಂತ ಕೂತಿದ್ದಾನೆ. ನಾನು ಆಫೀಸ್ ಕುರ್ಚಿ ಬಿಟ್ಟು ಏಳದವನು. ಎಲ್ಲರೂ ಒಟ್ಟಿಗೆ ಹೋಗುವಂಥ ಒಂದು ದಾರಿ ಯಾರಾದರೂ ಹೇಳ್ತೀರಾ?

ಬೆಟ್ಟದ ಹುಚ್ಚ:

ಒಂದೇ ದಾರಿ ಹುಡುಕಬೇಡಿ ಗುರು. ಅಪ್ಪನ ಮಂಡಿಯೂ ಕೆಡುತ್ತದೆ, ತಮ್ಮನ ಮೂಡೂ ಕೆಡುತ್ತದೆ. ಔರೊಂಜೊದ ಅನುಕೂಲ ಏನಂದ್ರೆ ಅದು ಇರುವುದೇ 2320 ಮೀಟರ್‌ನಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 400 ಮೀಟರ್ ಮೇಲೆ, ಅಲ್ಲಿಯವರೆಗೂ ಕಾರೇ ಹೋಗುತ್ತದೆ. ಹತ್ತುವ ಕೆಲಸ ರಸ್ತೆಯೇ ಮಾಡಿಬಿಟ್ಟಿರುತ್ತದೆ. ಅಲ್ಲಿಂದ ಎಲ್ಲರೂ ಒಟ್ಟಿಗೆ ಹೊರಟು ಮುಂದೆ ಬೇರೆ ಬೇರೆ ಆಗಿ.

ಹಟ್ ಮುಂದಿನಿಂದ 101 ನಂಬರಿನ ದಾರಿ ಹಿಡಿಯಿರಿ. ಲಾವರೇಡೊ ಹಟ್‌ವರೆಗೆ ಜೀಪ್ ಓಡುವಷ್ಟು ಅಗಲ, ಹೆಚ್ಚುಕಡಿಮೆ ಸಮತಟ್ಟು. ಮಗುವಿನ ಗಾಡಿ ತಳ್ಳಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಅರ್ಧ ಗಂಟೆ ಸಾಕು, ನಡುವೆ ಒಂದು ಪುಟ್ಟ ಚಾಪೆಲ್ ಸಿಗುತ್ತದೆ, ಅಪ್ಪ ಅಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ಆದರೆ ಈ ದಾರಿಯಲ್ಲಿ ಕಾಣುವುದು ಬೆಟ್ಟದ ಬೆನ್ನು ಮಾತ್ರ. ಫೋಟೋದಲ್ಲಿ ನೋಡ್ತೀವಲ್ಲ, ಆ ಮುಖ ಇರುವುದು ಉತ್ತರಕ್ಕೆ. ಅದಕ್ಕೆ ಇನ್ನೊಂದು ನೂರು ಮೀಟರ್ ಹತ್ತಿ ಫೊರ್ಚೆಲ್ಲಾ ಲಾವರೇಡೊ ಅನ್ನೋ ಕಣಿವೆದಾರಿ (2454 ಮೀ) ತಲುಪಬೇಕು. ಅಲ್ಲಿಗೆ ಕಲ್ಲಿನ ಮಧ್ಯೆ ನೇರ ಹೋಗುವ ಶಾರ್ಟ್‌ಕಟ್ ಇದೆ, ಸುತ್ತಿಕೊಂಡು ಹೋಗುವ ಅಗಲ ದಾರಿಯೂ ಇದೆ. ಅಪ್ಪನನ್ನು ಸುತ್ತುದಾರಿಯಲ್ಲೇ ಕರೆದುಕೊಂಡು ಹೋಗಿ, ಇಳಿಯುವಾಗಲೂ ಅದೇ. ಕೈಯಲ್ಲಿ ಎರಡು ಕೋಲಿರಲಿ. ಮೇಲೆ ಹೋಗಿ ತಿರುಗಿದರೆ ಮೂರರಲ್ಲಿ ಎತ್ತರದ ಚಿಮಾ ಗ್ರಾಂಡೆ (2999 ಮೀ) ತಲೆ ಮೇಲೇ ನಿಂತಿರುತ್ತದೆ. ಒಂದು ಮೀಟರ್ ಕಮ್ಮಿ ಮೂರು ಸಾವಿರ, ಯಾರಾದರೂ ಒಂದು ಕಲ್ಲಿಟ್ಟು ಬರಬಾರದಾ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ನಿಮಗೂ ಅಮ್ಮನಿಗೂ ಪೂರ್ತಿ ಸುತ್ತು ಆಗುತ್ತದೆ. ಹತ್ತು ಕಿಲೋಮೀಟರ್ ಹತ್ತಿರ, ಒಟ್ಟು ಹತ್ತುವುದು 400 ಮೀಟರ್ ಆಸುಪಾಸು, ನಡಿಗೆಯೇ ನಾಲ್ಕು ಗಂಟೆ. ಫೊರ್ಚೆಲ್ಲಾದಿಂದ ಲೊಕಟೆಲ್ಲಿ ಹಟ್ (2405 ಮೀ), ಅಲ್ಲಿಂದ 105 ಹಿಡಿದರೆ ಲಾಂಗಾಲ್ಮ್ ಅನ್ನೋ ದನಗಾಹಿಗಳ ಮನೆ, ಕೊನೆಗೆ ಕೋಲ್ ದಿ ಮೆಟ್ಜೊ ದಾಟಿ ಮತ್ತೆ ಔರೊಂಜೊ. ಲೊಕಟೆಲ್ಲಿ ಬಿಟ್ಟ ತಕ್ಷಣ 105 ಪುಡಿಗಲ್ಲಿನ ಮೇಲೆ ಚೆನ್ನಾಗಿ ಇಳಿದು, ಇಳಿದಷ್ಟನ್ನೂ ಮತ್ತೆ ಹತ್ತಿಸುತ್ತದೆ. ಅಪ್ಪನಿಗೆ ಈ ತುಂಡು ಬೇಡವೇ ಬೇಡ. ಅವರು ಲೊಕಟೆಲ್ಲಿ ನೋಡಲೇಬೇಕು ಅಂದರೆ ಹೋದ ದಾರಿಯಲ್ಲೇ ವಾಪಸ್ ಬರಲಿ.

ಸ್ಟುಟ್‌ಗಾರ್ಟ್ ಸುಬ್ಬಿ:

ಮೇಲಿನದಕ್ಕೆ ನಂದೂ ಒಂದು ಓಟು. ಎರಡು ವಿಷಯ ಸೇರಿಸುತ್ತೇನೆ.

ಇನ್‌ಸ್ಟಾದಲ್ಲಿ ಚೂಪು ಚೂಪು ಬೆಟ್ಟದ ಮುಂದೆ ಒಬ್ಬರೇ ಬಂಡೆಯ ತುದಿಯಲ್ಲಿ ನಿಂತ ಫೋಟೋ ಇರುತ್ತದಲ್ಲ, ಅದು ಕಾದೀನಿ. ಔರೊಂಜೊದಿಂದಲೇ 117 ನಂಬರಿನ ದಾರಿ, ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ಹತ್ತಿರ ಅಂತ ಜನ ಚಪ್ಪಲಿಯಲ್ಲೇ ಹೊರಡುತ್ತಾರೆ. ನಾನೂ ಅತ್ತೆಯನ್ನು ಕರೆದುಕೊಂಡು ಹೊರಟಿದ್ದೆ, ಹಿಂದಿನ ರಾತ್ರಿ ಮಳೆ ಬಂದಿತ್ತು. ಕೊನೆಯಲ್ಲಿ ದಾರಿ ಒಂದೂವರೆ ಅಡಿ ಆಗುತ್ತದೆ, ಪಕ್ಕದಲ್ಲಿ ಏನೂ ಇಲ್ಲ, ಕೆಳಗೂ ಏನೂ ಇಲ್ಲ. ಅತ್ತೆ ಅಲ್ಲೇ ಬಂಡೆಗೆ ಬೆನ್ನು ಕೊಟ್ಟು ಕೂತವರು ಇಪ್ಪತ್ತು ನಿಮಿಷ ಏಳಲಿಲ್ಲ. ಎದುರಿನಿಂದ ಬರುವವರು ಅವರ ಕಾಲು ದಾಟಿಕೊಂಡು ಹೋಗಬೇಕು! ತಪ್ಪು ನನ್ನದೇ. ದೂರ ನೋಡಿ ಸುಲಭ ಅಂದುಕೊಂಡಿದ್ದೆ. ಇಲ್ಲಿ ದೂರಕ್ಕಿಂತ ಪಕ್ಕದ ಪ್ರಪಾತ ಮುಖ್ಯ.

ಇಟಲಿಯ ನಕ್ಷೆ, ಗೈಡ್‌ಗಳಲ್ಲಿ ಅಕ್ಷರ ಕೊಟ್ಟಿರುತ್ತಾರೆ, ಅದನ್ನು ನೋಡಿ. ಟಿ ಅಂದರೆ ಯಾರು ಬೇಕಾದರೂ, ಇ ಅಂದರೆ ಮಾಮೂಲಿ ಬೆಟ್ಟದ ದಾರಿ, ಇಇ ಅಂದರೆ ಅನುಭವ ಇದ್ದವರಿಗೆ, ಇಇಎ ಅಂದರೆ ಹೆಲ್ಮೆಟ್, ಹಾರ್ನೆಸ್ ಇಲ್ಲದೆ ಹೋಗಬಾರದ್ದು.

ಊಟ: ಪೊಲೆಂತಾ ಸಿಗುತ್ತದೆ, ಮೆಕ್ಕೆಜೋಳದ ಮುದ್ದೆ ಅಂದುಕೊಳ್ಳಿ, ಮೇಲೆ ಅಣಬೆ ಅಥವಾ ಚೀಸ್. ಬ್ರೆಡ್ ಉಂಡೆ ಥರದ ಕನೆದೆರ್ಲಿಯಲ್ಲಿ ಹಂದಿಮಾಂಸದ ಚೂರು ಇರುವುದೇ ಜಾಸ್ತಿ, ಕೇಳಿ ತೆಗೆದುಕೊಳ್ಳಿ.

ಹಗ್ಗ_ಹೆಲ್ಮೆಟ್:

ತಮ್ಮನ ವಿಷಯಕ್ಕೆ ಬರ್ತೀನಿ. ಆ ಸುರಂಗ ಇರುವುದು ಮೊಂತೆ ಪಟೆರ್ನೊ (2744 ಮೀ) ಒಳಗೆ. 1915ರಲ್ಲಿ ಇಟಲಿ, ಆಸ್ಟ್ರಿಯಾ ಎದುರುಬದುರು ಕೂತಿದ್ದ ಗಡಿ ಅದು. ಊರಿನ ಹೆಸರಾಂತ ಬೆಟ್ಟದ ಗೈಡ್ ಸೆಪ್ ಇನ್ನರ್‌ಕೋಫ್ಲರ್ ಆಸ್ಟ್ರಿಯಾ ಕಡೆಯಿಂದ ಹೋರಾಡುತ್ತಾ ಆ ವರ್ಷ ಜುಲೈ 4ರಂದು ಅಲ್ಲೇ ಸತ್ತದ್ದು. ಈಗಿನ ದಾರಿಗೂ ಅವರ ಹೆಸರೇ ಇದೆ.

ಲೊಕಟೆಲ್ಲಿ ಹಿಂದಿನಿಂದ ಶುರು. ಸ್ವಲ್ಪ ದೂರ ನಡೆದರೆ ಸುರಂಗದ ಬಾಯಿ, ಒಳಗೆ ಕಗ್ಗತ್ತಲು, ಒದ್ದೆ ಮೆಟ್ಟಿಲು, ಕೈಗೆ ಉಕ್ಕಿನ ಹಗ್ಗ. ನಾನು ಮೊದಲ ಸಲ ಹೆಡ್‌ಲ್ಯಾಂಪ್ ಮರೆತು ಫೋನಿನ ಟಾರ್ಚ್ ಹಿಡಿದು ಹೋದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಗ್ಗ, ತಲೆ ಮೂರು ಸಲ ಚಾವಣಿಗೆ ಢಣ್. ಹೆಲ್ಮೆಟ್ ಇತ್ತು, ಬಚಾವಾದೆ. ಸೈನಿಕರು ಕೊರೆದ ಕಿಟಕಿಗಳಿವೆ, ಅದರೊಳಗಿಂದ ಮೂರು ಶಿಖರ ಫ್ರೇಮ್ ಹಾಕಿದ ಹಾಗೆ ಕಾಣುತ್ತವೆ.

ಫೆರಾಟಾ (ಬಂಡೆಗೆ ಬಿಗಿದ ಉಕ್ಕಿನ ಹಗ್ಗಕ್ಕೆ ಕ್ಲಿಪ್ ಹಾಕಿಕೊಂಡು ಹೋಗುವ ದಾರಿ) ಲೆಕ್ಕದಲ್ಲಿ ಇದು ಸುಲಭದ್ದೇ. ಆದರೆ ಕುಮಾರ ಪರ್ವತಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಬೇಕಾದದ್ದು ಕಾಲು, ದಮ್ಮು. ಇಲ್ಲಿ ಕ್ಲಿಪ್ ಬಿಚ್ಚಿ ಹಾಕುವ ಅಭ್ಯಾಸ, ಕೆಳಗೆ ನೋಡಿದರೆ ತಲೆ ತಿರುಗದ ಗುಣ. ಮೊದಲ ಸಲ ಗೈಡ್ ಜೊತೆಗೇ ಹೋಗಲಿ. ಜುಲೈನಲ್ಲೂ ಮೇಲಿನ ಕೊರಕಲಿನಲ್ಲಿ ಹಿಮ ಉಳಿದಿರಬಹುದು, ಹಟ್‌ನವರನ್ನು ಕೇಳಿಕೊಂಡು ಹೊರಡಿ. ಮಧ್ಯಾಹ್ನ ಗುಡುಗು ಇಲ್ಲಿ ಮಾಮೂಲಿ. ಆಗ ಕೈಯಲ್ಲಿ ಉಕ್ಕಿನ ಹಗ್ಗ ಇರಬಾರದು, ಅಷ್ಟೇ ಹೇಳ್ತೀನಿ.

ಅಂದಹಾಗೆ ಈ ದಾರಿ ಆ ಕಡೆ ಇಳಿಯುವುದು ಫೊರ್ಚೆಲ್ಲಾ ಲಾವರೇಡೊಗೇ. ಅಪ್ಪ ಕಾಫಿ ಕುಡಿಯುತ್ತಾ ಕೂತಿರುವ ಹಟ್ ಅದರ ಕೆಳಗೇ ಇದೆ.

ಕಾಫಿ ಫಸ್ಟ್:

ಎಲ್ಲರೂ ಔರೊಂಜೊ ಔರೊಂಜೊ ಅಂತೀರಿ. ಅಲ್ಲಿ ಬೆಳಗ್ಗೆ ಹತ್ತರ ಮೇಲೆ ಗಾಂಧಿ ಬಜಾರ್ ರಶ್. ಗಟ್ಟಿ ಕಾಲಿನವರಾದರೆ ಉತ್ತರದ ಫಿಸ್ಕಾಲಿನಾ ಕಣಿವೆಯಿಂದ 102 ಹಿಡಿದು ಲೊಕಟೆಲ್ಲಿಗೆ ಹತ್ತಿ, ಸುಮಾರು 950 ಮೀಟರ್ ಏರು, ಮೂರು ಗಂಟೆ. ಅದು ನಡಿಗೆ!

ಬೆಟ್ಟದ ಹುಚ್ಚ:

ಒಪ್ಪಿದೆ, ಆದರೆ ಅವರ ಅಪ್ಪನ ಮಂಡಿ ಮರೆತಿರಿ. ರಶ್ ತಪ್ಪಿಸುವುದಕ್ಕೇ ಅವರು ರಾತ್ರಿ ಅಲ್ಲೇ ಉಳಿಯುತ್ತಿರುವುದು. ಬೆಳಗ್ಗೆ ಏಳಕ್ಕೆ ಹೊರಟರೆ ದಾರಿಯೆಲ್ಲ ಅವರದೇ. ಹಾಂ, ಮರೆತಿದ್ದೆ: 2025ರಿಂದ, ಕೆಳಗಿನ ಮಿಸುರಿನಾ ಊರಿನಿಂದ ಔರೊಂಜೊಗೆ ಹೋಗುವ ಟೋಲ್ ರಸ್ತೆಗೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ಹಟ್ ಬುಕಿಂಗ್ ಇದೆ ಅಂತ ಸುಮ್ನೆ ಹೋಗಿ ಗೇಟಿನಲ್ಲಿ ನಿಲ್ಲಬೇಡಿ.

ಮೈಸೂರ್ ಟು ಮ್ಯೂನಿಕ್:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮನೆಯಲ್ಲಿ ಓದಿ ಹೇಳಿದೆ. ಏಳಕ್ಕೆ ಎಲ್ಲರೂ ಒಟ್ಟಿಗೆ ಫೊರ್ಚೆಲ್ಲಾವರೆಗೆ. ಅಲ್ಲಿಂದ ಅಪ್ಪ ಲಾವರೇಡೊ ಹಟ್‌ಗೆ ಇಳಿದು ಕೂರುತ್ತಾರೆ, "ನನ್ನನ್ನು ಬಿಟ್ಟುಬಿಡಿ, ಪುಸ್ತಕ ಇದೆ" ಅಂದರು, ಖುಷಿಯಾಗೇ ಅಂದರು. ನಾನು, ಅಮ್ಮ ಪೂರ್ತಿ ಸುತ್ತು. ತಮ್ಮನಿಗೆ ಗೈಡ್ ಬುಕ್ ಮಾಡುತ್ತಿದ್ದೇನೆ, ಅವನು ಇಳಿದು ಬಂದು ಅಪ್ಪನನ್ನು ಕರೆದುಕೊಂಡು ಔರೊಂಜೊಗೆ ಬರುತ್ತಾನೆ. ಕಾದೀನಿ ಕ್ಯಾನ್ಸಲ್.

ಒಂದೇ ಪ್ರಶ್ನೆ ಉಳಿದಿದೆ. ಅಮ್ಮ ಪುಳಿಯೋಗರೆ ಕಟ್ಟಿಕೊಂಡೇ ಬರುತ್ತೇನೆ ಅನ್ನುತ್ತಿದ್ದಾರೆ. ಹಟ್‌ನಲ್ಲಿ ಬಿಚ್ಚಬಹುದಾ?

ಸ್ಟುಟ್‌ಗಾರ್ಟ್ ಸುಬ್ಬಿ:

ಹಟ್‌ನ ಟೇಬಲ್ ಮೇಲೆ ಬೇಡ, ಚೆನ್ನಾಗಿರುವುದಿಲ್ಲ. ಫೊರ್ಚೆಲ್ಲಾದಲ್ಲಿ ಬಂಡೆ ಮೇಲೆ ಕೂತು ತಿನ್ನಿ. ಹಳದಿ ಕೊಕ್ಕಿನ ಕಾಗೆಗಳು ಪಕ್ಕದಲ್ಲೇ ಬಂದು ಕೂರುತ್ತವೆ, ಡಬ್ಬಿ ಮುಚ್ಚಳ ತೆಗೆದಿಟ್ಟು ಆ ಕಡೆ ಫೋಟೋ ತೆಗೆಯಲು ಮಾತ್ರ ಹೋಗಬೇಡಿ.