ಓಪನ್‌ಫಾಸ್ಟ್ ಮಾಡೆಲ್ ಸೈಟ್ ಡೇಟಾಗೆ ತಾಳೆಯಾಗ್ತಿಲ್ಲ (ಅರಸೀಕೆರೆ ಕಡೆ)

ಗಾಳಿದಿಬ್ಬ:
ದಿಬ್ಬದ ಮೇಲಿನ ಗಾಳಿ ಟರ್ಬೈನ್, ಪಿಚ್ ಕಂಟ್ರೋಲ್ (ರೆಕ್ಕೆಯ ಕೋನ ತಿರುಗಿಸಿ ಪವರ್ ಹಿಡಿತದಲ್ಲಿಡುವ) ಬಗೆಯದು, ಸಮುದ್ರಮಟ್ಟದಿಂದ 950 ಮೀಟರ್. ಅದನ್ನು ಓಪನ್‌ಫಾಸ್ಟ್ ಅನ್ನುವ ಟರ್ಬೈನ್ ಸಿಮ್ಯುಲೇಷನ್ ಸಾಫ್ಟ್‌ವೇರಲ್ಲಿ ಮಾಡೆಲ್ ಮಾಡಿದ್ದೇನೆ. ಮುಂಗಾರಿನಲ್ಲಿ ಸೈಟಲ್ಲಿ ಅಳೆದ ಹತ್ತು ನಿಮಿಷದ ಸರಾಸರಿಗಳ ಪಕ್ಕ ಇಟ್ಟರೆ 6ರಿಂದ 9 ಮೀ/ಸೆ ನಡುವೆ ಮಾಡೆಲ್ ಶೇ. 15ರಷ್ಟು ಜಾಸ್ತಿ ಪವರ್ ಕೊಡುತ್ತೆ. ರೇಟೆಡ್ ವೇಗ (ಟರ್ಬೈನ್ ಪೂರ್ತಿ ಪವರ್ ಮುಟ್ಟುವ ಗಾಳಿವೇಗ) ದಾಟಿದ ಮೇಲೆ ಎರಡೂ ಒಂದೇ. ಟವರ್ ಬುಡದ ಬೆಂಡಿಂಗ್ (ಬಾಗಿಸುವ ಹೊರೆ) ಕೂಡ ಹೊಂದುತ್ತಿಲ್ಲ. ಏರೋಫಾಯಿಲ್ ಟೇಬಲ್ (ರೆಕ್ಕೆಯ ಆಕಾರಕ್ಕೆ ಗಾಳಿ ಕೊಡುವ ಬಲದ ಅಂಕಿಗಳು) ತಿದ್ದಬೇಕಾ?

ಬಯಲುಸೀಮೆಯವ:
ಟೇಬಲ್ ಮುಟ್ಟಬೇಡಿ. ರೇಟೆಡ್ ಕೆಳಗಷ್ಟೇ ವ್ಯತ್ಯಾಸ ಇದ್ದರೆ ಮೊದಲ ಅನುಮಾನ ಗಾಳಿಯ ಸಾಂದ್ರತೆ ಮೇಲೆ. ಇನ್‌ಪುಟ್ ಫೈಲಲ್ಲಿ ಘನ ಮೀಟರಿಗೆ 1.225 ಕೆಜಿ ಅಂತ ಹಾಗೇ ಕೂತಿರುತ್ತೆ; ಅದು ಸಮುದ್ರಮಟ್ಟದ, 15 ಡಿಗ್ರಿಯ ಲೆಕ್ಕ. 950 ಮೀಟರಲ್ಲಿ ಒತ್ತಡ ಸುಮಾರು 905 ಹೆಕ್ಟೊಪ್ಯಾಸ್ಕಲ್, 25 ಡಿಗ್ರಿ ಹಿಡಿದರೆ ಸಾಂದ್ರತೆ 1.06. 1.225ನ್ನು ಅದರಿಂದ ಭಾಗಿಸಿ ನೋಡಿ, 1.156 ಬರುತ್ತೆ, ನಿಮ್ಮ ಶೇ. 15 ಅದೇ. ಡೇಟಾ ಮೊದಲೇ 1.225ಕ್ಕೆ ನಾರ್ಮಲೈಸ್ ಆಗಿದ್ದರೆ (ಆ ಸಾಂದ್ರತೆಗೆ ಹೊಂದಿಸಿ ಲೆಕ್ಕ ಹಾಕಿದ್ದರೆ) ಮಾತ್ರ ಮಾಡೆಲಲ್ಲಿ ಬದಲಿಸಬಾರದು, ಆಗ ಕಾರಣ ಬೇರೆ.

ಕಪ್_ಅನಿಮೋ:
ಗಾಳಿವೇಗ ಎಲ್ಲಿಯದು ಅಂತ ಹೇಳಲೇ ಇಲ್ಲ. ನಸೆಲ್ (ಟವರ್ ತುದಿಯ ಯಂತ್ರದ ಪೆಟ್ಟಿಗೆ) ಮೇಲಿನ ಮಾಪಕ ರೋಟರ್ ಬೆನ್ನಿಗಿರುತ್ತೆ, ನಂಬಬೇಡಿ. ಮಾಸ್ಟ್ (ಗಾಳಿ ಅಳೆಯುವ ಪ್ರತ್ಯೇಕ ಕಂಬ) ಆದರೆ ಪವರ್ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-12-1 ಪ್ರಕಾರ ಟರ್ಬೈನಿಂದ 2ರಿಂದ 4 ರೋಟರ್ ವ್ಯಾಸ ದೂರ, 2.5 ಒಳ್ಳೇದು. ಪಕ್ಕದ ಟರ್ಬೈನಿನ ವೇಕ್ (ಅದರ ಹಿಂದಿನ ಕದಡಿದ ಗಾಳಿ) ಬೀಳುವ ದಿಕ್ಕುಗಳನ್ನು ತೆಗೆದುಹಾಕಿ. ಚಿಕ್ಕಮಗಳೂರಿನಂಥ ಗುಡ್ಡಗಳಲ್ಲಿ ಸೈಟ್ ಕ್ಯಾಲಿಬ್ರೇಷನ್ (ಮಾಸ್ಟ್ ಜಾಗದ, ಟರ್ಬೈನ್ ಜಾಗದ ಗಾಳಿಯ ಹೋಲಿಕೆ) ಬೇಕೇ ಬೇಕು, ಅದನ್ನೂ ಟರ್ಬೈನ್ ಕಟ್ಟುವ ಮುಂಚೆಯೇ ಮಾಡಿರಬೇಕು.
ಇನ್ನೊಂದು: ಸ್ಕಾಡಾ (ಟರ್ಬೈನ್ ಡೇಟಾ ದಾಖಲಿಸುವ ವ್ಯವಸ್ಥೆ) ಸಮಯದ ಗುರುತು ಹತ್ತು ನಿಮಿಷದ ಶುರುವಿನದೋ ಕೊನೆಯದೋ? ಲಾಗರ್ ಯುಟಿಸಿಯಲ್ಲಿದ್ದರೆ ಐದೂವರೆ ಗಂಟೆಯ ತಪ್ಪು ಕಣ್ಣಿಗೆ ಬೀಳುತ್ತೆ, ಹತ್ತು ನಿಮಿಷದ್ದು ಬೀಳಲ್ಲ.

ಗಾಳಿದಿಬ್ಬ:
ಮಾಸ್ಟ್‌ದೇ. 1.06 ಹಾಕಿದೆ, ಪವರ್ ತಾಳೆಯಾಯಿತು. ಬೆಂಡಿಂಗಲ್ಲಿ ಮಾತ್ರ ಎಲ್ಲ ವೇಗಕ್ಕೂ ಒಂದೇ ಅಂತರ ಉಳಿದಿದೆ.

ಬಯಲುಸೀಮೆಯವ:
ಎಲ್ಲ ಕಡೆ ಒಂದೇ ಅಂತರ ಅಂದರೆ ಟವರ್ ಬಾಗುವುದನ್ನು ಅಳೆಯುವ ಸ್ಟ್ರೇನ್ ಗೇಜಿನ ಸೊನ್ನೆ ಜರುಗಿದೆ. ಗಾಳಿ ತೀರಾ ಕಡಿಮೆ ಇದ್ದಾಗ ರೋಟರ್ ನಿಲ್ಲಿಸಿ ನಸೆಲನ್ನು ನಿಧಾನ 360 ಡಿಗ್ರಿ ತಿರುಗಿಸಿ, ವಾಪಸ್ ಕೂಡ. ನಸೆಲ್, ರೋಟರ್ ಎರಡರ ಭಾರದ ಕೇಂದ್ರ ಟವರ್ ನಡುಗೆರೆಯ ಮೇಲಿರಲ್ಲ, ಹಾಗಾಗಿ ಸೈನ್ ಅಲೆ ಬರುತ್ತೆ. ಅಲೆಯ ನಡುಮಟ್ಟವೇ ಸೊನ್ನೆ; ನಡುಮಟ್ಟದಿಂದ ಅಲೆಯ ಎತ್ತರವನ್ನು ತೂಕ ಗುಣಿಸು ದೂರದ ಜೊತೆ ಹೋಲಿಸಿದರೆ ಗೇನ್ (ಓದನ್ನು ನಿಜ ಹೊರೆಗೆ ಬದಲಿಸುವ ಗುಣಕ). ನಸುಕಲ್ಲೇ ಮಾಡಿ, ಬಿಸಿಲು ಒಂದು ಪಕ್ಕ ಬಿದ್ದರೆ ಉಕ್ಕು ಹಿಗ್ಗಿ ಓದು ಕೆಡುತ್ತೆ.
ಫಟೀಗ್ ಲೋಡ್ (ಪದೇಪದೇ ಬಿದ್ದು ಲೋಹ ದಣಿಸುವ ಹೊರೆ) ಹೋಲಿಕೆ ಆಮೇಲೆ. ಪ್ರತಿ ವೇಗಕ್ಕೆ ಕೃತಕ ಗಾಳಿ ತಯಾರಿಸುವ ಟರ್ಬ್‌ಸಿಮ್‌ನಲ್ಲಿ ಕನಿಷ್ಠ 6 ಸೀಡ್ (ಬೇರೆಬೇರೆ ಯಾದೃಚ್ಛಿಕ ಗಾಳಿ), ಟರ್ಬುಲೆನ್ಸ್ ಮತ್ತು ಶಿಯರ್ (ಎತ್ತರದ ಜೊತೆ ಗಾಳಿವೇಗದ ಬದಲಾವಣೆ) ಮಾಸ್ಟಿಂದ ಅಳೆದದ್ದೇ, ಸಿಮ್ಯುಲೇಷನ್ ಶುರುವಿನ ಒಂದೆರಡು ನಿಮಿಷ ಬಿಸಾಕಿ. ಮಾಡೆಲಲ್ಲಿರುವ ಕಂಟ್ರೋಲರ್ ಆ ಟರ್ಬೈನಿನ ನಿಜವಾದದ್ದಾ, ಓಪನ್ ಸೋರ್ಸ್ ಕಂಟ್ರೋಲರ್ ರೋಸ್ಕೋನಾ?